ಆರ್ ಬೆಲೆಗಿಂತ ಮೊದಲು ಚುಕ್ಕೆಗಳು: ನಿಮ್ಮ ಲೇಖನದ ಬಗ್ಗೆ

ನಮಸ್ಕಾರ.

ಆರೋಗ್ಯ ಸಂಶೋಧನೆಯ ಅಂಕಿ-ಅಂಶಗಳಿಗೆ ಕೋರಿಲೇಶನ್ (ಎರಡು ಅಳತೆಗಳು ಎಷ್ಟು ಜೊತೆಯಾಗಿ ಏರಿಳಿಯುತ್ತವೆ ಎಂಬ ಲೆಕ್ಕ) ಮತ್ತು ಲೀನಿಯರ್ ರಿಗ್ರೆಶನ್ (ಒಂದು ಅಳತೆಯಿಂದ ಇನ್ನೊಂದನ್ನು ಅಂದಾಜಿಸುವ ನೇರ ಗೆರೆ) ಬಳಸುವ ಬಗ್ಗೆ ನೀವು ಕಳಿಸಿದ ಲೇಖನ ಓದಿದೆವು. ಈಗಿರುವ ರೂಪದಲ್ಲಿ ಪ್ರಕಟಿಸಲಾಗದು. ತಿದ್ದಿ ಕಳಿಸಿದರೆ ಖಂಡಿತ ಮತ್ತೆ ಓದುತ್ತೇವೆ. ಭಾಷೆ ತಿಳಿಯಾಗಿದೆ, ಸೂತ್ರಗಳೂ ಸರಿಯಾಗಿವೆ. ಎಡವಿರುವುದು ಫಲಿತಾಂಶವನ್ನು ಓದುವ ಕಡೆ. ವಿದ್ಯಾರ್ಥಿಗಳು ಇಂಥ ಲೇಖನದ ವಾಕ್ಯಗಳನ್ನು ಹಾಗೆಯೇ ಎತ್ತಿ ತಮ್ಮ ಪ್ರಬಂಧದಲ್ಲಿ ಬಳಸುತ್ತಾರೆ, ಆದ್ದರಿಂದ ಮುಚ್ಚುಮರೆಯಿಲ್ಲದೆ ಬರೆಯುತ್ತಿದ್ದೇವೆ.

ನಿಮ್ಮ ಮುಖ್ಯ ಉದಾಹರಣೆಯಲ್ಲಿ 30ರಿಂದ 65 ವರ್ಷದ 60 ಮಂದಿ ಕಾಲ್ಪನಿಕ ವ್ಯಕ್ತಿಗಳ ವಯಸ್ಸು ಮತ್ತು ಸಿಸ್ಟೋಲಿಕ್ (ಮೇಲಿನ ಅಂಕಿಯ) ರಕ್ತದೊತ್ತಡ ಇದೆ. ಆರ್ (ಕೋರಿಲೇಶನ್ ಎಷ್ಟು ಬಲವಾಗಿದೆ ಎಂಬ ಅಂಕಿ) 0.32, ಪಿ (ನಿಜವಾಗಿ ಸಂಬಂಧವೇ ಇಲ್ಲದಿದ್ದರೂ ಇಷ್ಟು ಅಥವಾ ಇನ್ನೂ ಬಲವಾದ ಆರ್ ಆಕಸ್ಮಿಕವಾಗಿ ಬರುವ ಸಂಭವ) 0.01 ಎಂದು ಕೊಟ್ಟು, ‘ರಕ್ತದೊತ್ತಡದ ಶೇ. 32ರಷ್ಟು ಏರಿಕೆಗೆ ವಯಸ್ಸೇ ಕಾರಣ’ ಎಂದು ಮುಗಿಸಿದ್ದೀರಿ. ಒಂದೇ ವಾಕ್ಯದಲ್ಲಿ ಎರಡು ತಪ್ಪು. ಆರ್ ಶೇಕಡಾವಾರು ಅಲ್ಲ. ಅದರ ವರ್ಗ ತೆಗೆದರೆ ಬರುವುದು 0.10. ಅಂದರೆ ಜನರ ನಡುವಿನ ರಕ್ತದೊತ್ತಡದ ವ್ಯತ್ಯಾಸದಲ್ಲಿ ಹತ್ತನೇ ಒಂದು ಪಾಲು ವಯಸ್ಸಿನ ಜೊತೆ ಹೊಂದಿಕೊಂಡು ಹೋಗುತ್ತದೆ, ಅಷ್ಟೇ. ಇನ್ನು ‘ಕಾರಣ’ ಎಂಬ ಮಾತಿಗೆ, ಪ್ರತಿಯೊಬ್ಬರನ್ನೂ ಒಂದೇ ಸಲ ಅಳೆದ ಮಾಹಿತಿಯಲ್ಲಿ ಆಧಾರವಿಲ್ಲ. ಪಿ ಬೆಲೆಗೂ ನೀವು ಕೊಟ್ಟ ತೂಕ ಹೆಚ್ಚಾಯಿತು. 1000 ಜನರಿದ್ದರೆ ಆರ್ 0.1 ಇದ್ದರೂ ಪಿ 0.01ಕ್ಕಿಂತ ಕೆಳಗಿಳಿಯುತ್ತದೆ, ಆದರೆ ವಿವರಿಸಲ್ಪಟ್ಟ ವ್ಯತ್ಯಾಸ ಶೇ. 1 ಮಾತ್ರ. ಅದರ ಬದಲು ಆರ್‌ನ ಕಾನ್ಫಿಡೆನ್ಸ್ ಇಂಟರ್ವಲ್ (ನಿಜವಾದ ಬೆಲೆ ಇರಬಹುದಾದ ವ್ಯಾಪ್ತಿ) ಕೊಡಿ. ನಿಮ್ಮ 60 ಜನರಿಗೆ ಅದು ಸುಮಾರು 0.07ರಿಂದ 0.53. ಇಷ್ಟು ಅಗಲವಿದೆ ಎಂದು ಕಂಡರೆ ಓದುಗರು ತಾವಾಗಿಯೇ ಎಚ್ಚರ ವಹಿಸುತ್ತಾರೆ.

ಇಡೀ ಲೇಖನದಲ್ಲಿ ಒಂದೂ ಸ್ಕ್ಯಾಟರ್ ಪ್ಲಾಟ್ (ಪ್ರತಿ ವ್ಯಕ್ತಿಗೆ ಒಂದು ಚುಕ್ಕೆ ಇಟ್ಟ ಚಿತ್ರ) ಇಲ್ಲ. ಇದೇ ದೊಡ್ಡ ಕೊರತೆ. 1973ರಲ್ಲಿ ಸಂಖ್ಯಾಶಾಸ್ತ್ರಜ್ಞ ಫ್ರಾನ್ಸಿಸ್ ಆನ್ಸ್‌ಕೋಂಬ್ 11 ಚುಕ್ಕೆಗಳ ನಾಲ್ಕು ಗುಂಪುಗಳನ್ನು ತೋರಿಸಿದರು. ನಾಲ್ಕರಲ್ಲೂ ಆರ್ ಸುಮಾರು 0.82, ರಿಗ್ರೆಶನ್ ಗೆರೆಯೂ ಒಂದೇ. ಚಿತ್ರ ಬರೆದರೆ ಒಂದು ಸಾಮಾನ್ಯ ಹರಡು, ಇನ್ನೊಂದು ಬಾಗಿದ ರೇಖೆ, ಮೂರನೆಯದರಲ್ಲಿ ನೇರ ಸಾಲಿನಿಂದ ಹೊರಬಿದ್ದ ಒಂದು ಚುಕ್ಕೆ, ನಾಲ್ಕನೆಯದರಲ್ಲಿ ದೂರದ ಒಂದೇ ಚುಕ್ಕೆ ಇಡೀ ಗೆರೆಯನ್ನು ತನ್ನ ಕಡೆಗೆ ಎಳೆದುಕೊಂಡಿದೆ. ಆದ್ದರಿಂದ ಮೊದಲು ಚುಕ್ಕೆಗಳನ್ನು ನೋಡಬೇಕು, ಆಮೇಲೆ ಸಂಖ್ಯೆ. ಸಂಬಂಧ ಒಂದೇ ದಿಕ್ಕಿನಲ್ಲಿ ಸಾಗುತ್ತ ಬಾಗಿದ್ದರೆ ಸ್ಪಿಯರ್‌ಮನ್ ವಿಧಾನ (ಅಳತೆಗಳ ಬದಲು ಅವುಗಳ ಕ್ರಮಾಂಕದಿಂದ ಲೆಕ್ಕ ಹಾಕುವ ಕೋರಿಲೇಶನ್) ಬಳಸಬಹುದು. ಟ್ರೈಗ್ಲಿಸರೈಡ್‌ನಂತೆ ಬಲಕ್ಕೆ ಉದ್ದ ಬಾಲವಿರುವ (ಕೆಲವರಲ್ಲಿ ಮಾತ್ರ ತೀರಾ ಹೆಚ್ಚಿರುವ) ಅಳತೆಗಳಿಗೆ ಲಾಗ್ (ಲಾಗರಿದಮ್) ತೆಗೆದು ನೋಡಬೇಕು.

ರಿಗ್ರೆಶನ್ ಭಾಗದಲ್ಲಿ ನಿಮ್ಮ ಸಮೀಕರಣ ಹೀಗಿದೆ: ರಕ್ತದೊತ್ತಡ = 104 + 0.5 × ವಯಸ್ಸು. ಓದುಗರಿಗೆ ಬೇಕಾದ ವಾಕ್ಯ ಇಲ್ಲೇ ಇದೆ, ನೀವು ಅದನ್ನು ಬರೆದಿಲ್ಲ: ವಯಸ್ಸಿನಲ್ಲಿ ಹತ್ತು ವರ್ಷ ಅಂತರವಿರುವವರ ನಡುವೆ ರಕ್ತದೊತ್ತಡದಲ್ಲಿ ಸರಾಸರಿ 5 ಮಿ.ಮೀ. ವ್ಯತ್ಯಾಸ. 104 ಎಂದರೆ ವಯಸ್ಸು ಸೊನ್ನೆ ಇದ್ದಾಗಿನ ಒತ್ತಡ. 30ಕ್ಕಿಂತ ಕೆಳಗಿನವರು ಒಬ್ಬರೂ ಇಲ್ಲದ ಮಾಹಿತಿಯಲ್ಲಿ ಆ ಅಂಕಿಗೆ ಅರ್ಥವಿಲ್ಲ. ವಯಸ್ಸಿನಿಂದ 45 ಕಳೆದು ಮತ್ತೆ ಲೆಕ್ಕ ಹಾಕಿ. ಆಗ ಆರಂಭದ ಅಂಕಿ 126.5 ಆಗುತ್ತದೆ, 45 ವರ್ಷದವರ ಸರಾಸರಿ ಎಂದು ಓದಬಹುದು.

‘50 ವರ್ಷದ ರೋಗಿಯ ರಕ್ತದೊತ್ತಡ 129 ಇರುತ್ತದೆ’ ಎಂಬ ಸಾಲನ್ನು ದಯವಿಟ್ಟು ತೆಗೆಯಿರಿ. ನಿಮ್ಮ ಕೋಷ್ಟಕದಲ್ಲಿ ರೆಸಿಡ್ಯುಯಲ್‌ಗಳ (ನಿಜವಾದ ಅಳತೆಗೂ ಗೆರೆಯ ಅಂದಾಜಿಗೂ ಇರುವ ಅಂತರಗಳ) ಸ್ಟ್ಯಾಂಡರ್ಡ್ ಡೀವಿಯೇಶನ್ (ಹರಡಿನ ಅಳತೆ) 15. ಆ ಲೆಕ್ಕದಲ್ಲಿ 50 ವರ್ಷದವರ ಸರಾಸರಿ 125ರಿಂದ 133ರ ನಡುವೆ ಇರಬಹುದು, ಒಬ್ಬ ವ್ಯಕ್ತಿಯ ಒತ್ತಡವಾದರೋ ಸುಮಾರು 99ರಿಂದ 159ರ ನಡುವೆ ಎಲ್ಲಿ ಬೇಕಾದರೂ. ಮೊದಲನೆಯದು ಸರಾಸರಿಯ ಕಾನ್ಫಿಡೆನ್ಸ್ ಇಂಟರ್ವಲ್, ಎರಡನೆಯದು ಪ್ರಿಡಿಕ್ಷನ್ ಇಂಟರ್ವಲ್. ರೋಗಿಯ ಎದುರು ಕೂತ ವೈದ್ಯರಿಗೆ ಇವೆರಡರ ವ್ಯತ್ಯಾಸ ಬಹಳ ಮುಖ್ಯ.

‘ಎರಡೂ ಅಳತೆಗಳು ನಾರ್ಮಲ್ ಆಗಿರಲೇಬೇಕು’ ಎಂದಿದ್ದೀರಿ, ಅಂದರೆ ಗಂಟೆಯ ಆಕಾರದಲ್ಲಿ ಹರಡಿರಬೇಕು ಎಂದು. ರಿಗ್ರೆಶನ್‌ಗೆ ಆ ಷರತ್ತಿಲ್ಲ. ಪರೀಕ್ಷಿಸಬೇಕಾದದ್ದು ರೆಸಿಡ್ಯುಯಲ್‌ಗಳನ್ನು. ಗೆರೆ ಕೊಟ್ಟ ಅಂದಾಜನ್ನು ಅಡ್ಡಕ್ಕೆ, ರೆಸಿಡ್ಯುಯಲ್ ಅನ್ನು ಲಂಬಕ್ಕೆ ಇಟ್ಟು ನೋಡಿ. ಬಾಗು ಕಂಡರೆ ಸಂಬಂಧ ನೇರ ಗೆರೆಯದಲ್ಲ. ಬಲಕ್ಕೆ ಹೋದಂತೆ ಹರಡು ಅಗಲವಾದರೆ ಸಾಫ್ಟ್‌ವೇರ್ ಕೊಟ್ಟ ಸ್ಟ್ಯಾಂಡರ್ಡ್ ಎರರ್ (ಅಂದಾಜಿನ ಅನಿಶ್ಚಿತತೆಯ ಅಳತೆ) ನಂಬುವಂತಿಲ್ಲ. ಒಬ್ಬರನ್ನೇ ಮೂರು ಸಲ ಅಳೆದು ಮೂರು ಜನರಂತೆ ಎಣಿಸಿದ್ದರೆ ಈ ಚಿತ್ರದಲ್ಲಿ ಅದು ಗೊತ್ತಾಗದಿರಬಹುದು, ಪಿ ಬೆಲೆ ಮಾತ್ರ ಸುಳ್ಳು ಹೇಳುತ್ತದೆ.

ತೂಕ, ಧೂಮಪಾನ ಸೇರಿಸಿದಾಗ ಆರ್-ವರ್ಗ ಏರಿತು, ಆದ್ದರಿಂದ ಮಾದರಿ (ರಿಗ್ರೆಶನ್ ಸಮೀಕರಣ) ಉತ್ತಮವಾಯಿತು ಎಂಬ ವಾದವೂ ನಿಲ್ಲದು. ಏನನ್ನು ಸೇರಿಸಿದರೂ ಆರ್-ವರ್ಗ ಇಳಿಯುವುದಿಲ್ಲ. ಯಾವುದನ್ನು ಸೇರಿಸಬೇಕು ಎಂಬುದನ್ನು ಪಿ ಬೆಲೆ ನೋಡಿ ಆಮೇಲೆ ತೀರ್ಮಾನಿಸಬೇಡಿ, ವಿಷಯಜ್ಞಾನದಿಂದ ಮೊದಲೇ ನಿರ್ಧರಿಸಿ. ನಿಮ್ಮ ಉದಾಹರಣೆಗೆ ಬೇಕಾದ ಒಂದು ಅಂಶ ಬಿಟ್ಟೇ ಹೋಗಿದೆ: ರಕ್ತದೊತ್ತಡದ ಔಷಧಿ. ವಯಸ್ಸಾದವರಲ್ಲಿ ಔಷಧಿ ತೆಗೆದುಕೊಳ್ಳುವವರು ಹೆಚ್ಚು, ಅವರ ಅಳತೆ ಇಳಿದಿರುತ್ತದೆ, ಗೆರೆ ಇರಬೇಕಾದ್ದಕ್ಕಿಂತ ಚಪ್ಪಟೆಯಾಗುತ್ತದೆ.

ಕೊನೆಯ ಭಾಗವನ್ನು ಹೊಸದಾಗಿಯೇ ಬರೆಯಬೇಕು. ಎರಡು ಬಿ.ಪಿ. ಯಂತ್ರಗಳ ನಡುವೆ ಆರ್ 0.95 ಬಂದಿದೆ, ಹಾಗಾಗಿ ಒಂದರ ಬದಲು ಇನ್ನೊಂದನ್ನು ಬಳಸಬಹುದು ಎಂದಿದ್ದೀರಿ. ಒಂದು ಯಂತ್ರ ಪ್ರತಿ ಸಲವೂ ಸರಿಯಾಗಿ 10 ಮಿ.ಮೀ. ಹೆಚ್ಚು ತೋರಿಸಿದರೆ ಆರ್ 1 ಬರುತ್ತದೆ, ಆದರೆ 132 ಇರುವವರು 142 ಎಂದು ದಾಖಲಾಗಿ ಔಷಧಿ ಶುರುವಾಗಬಹುದು. ಸಂಖ್ಯಾಶಾಸ್ತ್ರಜ್ಞರಾದ ಬ್ಲಾಂಡ್ ಮತ್ತು ಆಲ್ಟ್‌ಮನ್ 1986ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇದಕ್ಕೆ ದಾರಿ ತೋರಿಸಿದ್ದಾರೆ. ಪ್ರತಿ ವ್ಯಕ್ತಿಗೂ ಎರಡು ಅಳತೆಗಳ ಸರಾಸರಿಯನ್ನು ಅಡ್ಡಕ್ಕೆ, ವ್ಯತ್ಯಾಸವನ್ನು ಲಂಬಕ್ಕೆ ಇಡಿ. ವ್ಯತ್ಯಾಸಗಳ ಸರಾಸರಿಗೆ ಅವುಗಳ ಸ್ಟ್ಯಾಂಡರ್ಡ್ ಡೀವಿಯೇಶನ್‌ನ 1.96 ಪಟ್ಟನ್ನು ಕೂಡಿಸಿ, ಕಳೆದು ಎರಡು ಮಿತಿಗಳನ್ನು ಗುರುತಿಸಿ. ಆ ಮಿತಿಗಳು ಚಿಕಿತ್ಸೆಯ ದೃಷ್ಟಿಯಿಂದ ಒಪ್ಪುವಷ್ಟು ಹತ್ತಿರವಿವೆಯೇ ಎಂಬುದನ್ನು ವೈದ್ಯರು ಹೇಳಬೇಕು.

ಜಾಗ ಬೇಕಿದ್ದರೆ ಆರಂಭದಲ್ಲಿ ಎರಡು ಪುಟ ಹಿಡಿದಿರುವ ಸೂತ್ರಗಳನ್ನು ಸಾಧಿಸಿ ತೋರಿಸುವ ಭಾಗವನ್ನು ಬಿಡಿ, ಸಾಫ್ಟ್‌ವೇರ್ ಆ ಕೆಲಸ ಮಾಡುತ್ತದೆ. ಮೂರು ಚಿತ್ರಗಳನ್ನು ಕಳಿಸಿ: ಗೆರೆ ಸಮೇತ ಚುಕ್ಕೆಗಳು, ರೆಸಿಡ್ಯುಯಲ್‌ಗಳು, ಯಂತ್ರಗಳ ವ್ಯತ್ಯಾಸ. ಜೊತೆಗೆ 60 ಜನರ ಕೋಷ್ಟಕವನ್ನೂ ಲಗತ್ತಿಸಿ, ಓದುಗರು ತಾವೇ ಲೆಕ್ಕ ಹಾಕಿ ನೋಡಲಿ.

ಸಂಪಾದಕ ಮಂಡಳಿ