ಲಾಕ್‌ಡೌನ್‌ನಲ್ಲಿ ಸರಾಗವಾಗಿದ್ದ ಉಸಿರು

ಚೀಟಿಯಲ್ಲಿ ಇದ್ದದ್ದು ಎರಡೇ ಸಾಲು: "ಆಯಾಸ, ರಾತ್ರಿ ನಿದ್ದೆ ಇಲ್ಲ. ಮನೆಯಲ್ಲಿ ಒತ್ತಡ, ಆಪ್ತಸಲಹೆಗೆ ಕಳಿಸಿದೆ." ಜೊತೆಗೊಂದು ಎಕ್ಸ್‌ರೇ, ಅದರಲ್ಲಿ ಏನೂ ಇಲ್ಲ. ಕಫದ ಪರೀಕ್ಷೆಯಲ್ಲಿ ಕ್ಷಯ ಇಲ್ಲ. ಇಸಿಜಿ ಸರಿಯಾಗಿದೆ. ಮೈಯಲ್ಲಿ ಏನೂ ಸಿಗದಿದ್ದರೆ ಉಳಿದದ್ದು ಮನಸ್ಸು ಎಂಬ ಕಳೆಯುವ ಲೆಕ್ಕದಲ್ಲಿ ಜನ ನನ್ನ ಮೇಜಿನ ಮುಂದೆ ಬಂದು ಕೂರುತ್ತಾರೆ. ಇಂಥ ಚೀಟಿ ಹಿಡಿದು ಬಂದವರಲ್ಲಿ ಈಕೆ ಮೊದಲಿನವರಲ್ಲ, ಆಮೇಲೂ ಬಂದಿದ್ದಾರೆ. ಆದರೆ ನನ್ನ ತಪ್ಪು ನನಗೆ ಸ್ಪಷ್ಟವಾಗಿ ಕಂಡದ್ದು ಈಕೆಯಿಂದ. ಗುರುತು ಸಿಗದಂತೆ ಮನೆಯ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಕಾಯಿಲೆಯ ವಿವರಗಳನ್ನು ಬದಲಿಸಿಲ್ಲ.

ಶಿಡ್ಲಘಟ್ಟದವರು. ಮೂವತ್ತನಾಲ್ಕು ವರ್ಷ, ಇಬ್ಬರು ಮಕ್ಕಳು. ಗಂಡ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಹಮಾಲಿ, ಸಂಜೆಯ ಮೇಲೆ ಕುಡಿತ. ಈಕೆ ಹದಿನಾಲ್ಕು ವರ್ಷದಿಂದ ರೇಷ್ಮೆ ನೂಲು ಬಿಚ್ಚಾಣಿಕೆ ಘಟಕವೊಂದರಲ್ಲಿ, ಗೂಡು ಹಾಕಿದ ಬಿಸಿನೀರಿನ ಬೇಸಿನ್ ಮುಂದೆ ಕೂತು ಎಳೆ ಹಿಡಿಯುವ ಕೆಲಸ ಮಾಡುತ್ತಿದ್ದರು. ಮನೆ ನಡೆಯುತ್ತಿದ್ದುದು ಇವರ ಕೂಲಿಯಿಂದ. ಮಾಲೀಕರ ಬಳಿ ಮುಂಗಡ ಸಾಲವೂ ಇತ್ತು.

'ಆಯಾಸ' ಎಂಬ ಪದದ ಬಗ್ಗೆ ಒಂದು ಮಾತು. ನಮ್ಮ ಕಡೆ ಅರ್ಧ ಜನರ ಮನೆಮಾತು ತೆಲುಗು. ತೆಲುಗಿನವರು ಆಯಾಸ ಎಂದರೆ ಉಸಿರು ಕಟ್ಟುವುದು, ಏದುಸಿರು. ಕನ್ನಡ ಕಿವಿಗೆ ಅದು ದಣಿವು. ಈಕೆ ಹೇಳಿದ್ದು ಉಸಿರಿನ ಮಾತು, ಚೀಟಿಯಲ್ಲಿ ದಾಖಲಾದದ್ದು ದಣಿವು. ಹೊರಗಿನಿಂದ ಬಂದ ವೈದ್ಯರಿಗೆ ಇದು ತಿಳಿಯದಿರಬಹುದು. ಇದೇ ಜಿಲ್ಲೆಯಲ್ಲಿ ಹುಟ್ಟಿ ಬೆಳೆದ ನಾನೂ ಅದನ್ನು ದಣಿವು ಎಂದೇ ಓದಿಕೊಂಡೆ.

ಮೊದಲ ನಾಲ್ಕು ಭೇಟಿಗಳನ್ನು ನಾನು ಮನೆಯೊಳಗೇ ಕಳೆದೆ. ಎಲ್ಲ ಸುಳಿವುಗಳೂ ಮನೆಯ ಕಡೆಗೇ ಬೊಟ್ಟು ಮಾಡುತ್ತಿದ್ದವು. ಕೆಲಸದ ಜಾಗದಲ್ಲಿ ಹೆಚ್ಚೆಂದರೆ ನಾಲ್ಕು ಸೀನು. ಮನೆಗೆ ಬಂದು ಅಡುಗೆ ಮುಗಿಸಿ ಮಲಗಿದ ಮೇಲೆ ಕೆಮ್ಮು, ಎದೆ ಬಿಗಿತ, ಎದ್ದು ಗೋಡೆಗೆ ಒರಗಿ ಕೂರುವುದು. ತವರಿಗೆ ಹೋದರೆ ಎರಡು ಮೂರು ದಿನದಲ್ಲಿ ಸರಿಹೋಗುತ್ತದೆ. ಗಂಡ ಕುಡಿದು ಬರುವ ಹೊತ್ತಿಗೆ ಶುರುವಾಗುವ, ತವರಿನಲ್ಲಿ ಮಾಯವಾಗುವ ಕಾಯಿಲೆಗೆ ಆಪ್ತಸಲಹೆಗಾರ್ತಿ ಯಾವ ಹೆಸರು ಇಡುತ್ತಾಳೆ? ಗಂಡನನ್ನು ಕರೆಸಿ ಕೂರಿಸಿದೆ. "ನಿಮ್ಮ ಹೆಂಡತಿಯ ಎದೆ ಬಿಗಿಯುವುದಕ್ಕೆ ನಿಮ್ಮ ನಡವಳಿಕೆಯೂ ಕಾರಣ" ಎಂದು ಮೆತ್ತಗಿನ ದನಿಯಲ್ಲಿ ಹೇಳಿದೆ. ಆತ ತಲೆ ತಗ್ಗಿಸಿ ಕೂತಿದ್ದ. ಎರಡು ವಾರ ಕುಡಿಯಲೂ ಇಲ್ಲ. ಆಕೆಯ ಕೆಮ್ಮು ಮಾತ್ರ ಜಗ್ಗಲಿಲ್ಲ. ನಾನು ಹೇಳಿಕೊಟ್ಟ ಉಸಿರಾಟದ ಅಭ್ಯಾಸವನ್ನು ಆಕೆ ನಿಷ್ಠೆಯಿಂದ ಮಾಡುತ್ತಿದ್ದರು, ಬೇಸಿನ್ ಮುಂದೆ ಕೂತು, ಅಲ್ಲಿನ ಹಬೆಯನ್ನೇ ದೀರ್ಘವಾಗಿ ಒಳಗೆಳೆದುಕೊಂಡು. ಇದು ನನಗೆ ತಿಳಿದದ್ದು ಬಹಳ ತಡವಾಗಿ.

ಐದನೆಯ ಭೇಟಿ 2022ರ ಆಷಾಢದಲ್ಲಿ. ಬದುಕಿನಲ್ಲಿ ಅತ್ಯಂತ ಕಷ್ಟದ ಕಾಲ ಯಾವುದಿತ್ತು ಎಂದು ಕೇಳಿದೆ. ಅದು ನಾವು ಎಲ್ಲರಿಗೂ ಕೇಳುವ ಪ್ರಶ್ನೆ, ಹೆಚ್ಚು ಯೋಚಿಸಿ ಕೇಳಿದ್ದಲ್ಲ.

"ಲಾಕ್‌ಡೌನ್ ಮೇಡಂ" ಎಂದರು. ಚರಕ ನಿಂತಿತ್ತು, ಮಾರುಕಟ್ಟೆ ಇರಲಿಲ್ಲ, ಇಬ್ಬರಿಗೂ ಕೂಲಿ ಇಲ್ಲ. ರೇಷನ್ ಅಕ್ಕಿ ಬಿಟ್ಟರೆ ಮನೆಯಲ್ಲಿ ಏನೂ ಇರಲಿಲ್ಲ. ಗಂಡ ಇಪ್ಪತ್ತನಾಲ್ಕು ಗಂಟೆಯೂ ಮನೆಯಲ್ಲೇ. ಹೆಂಡ ಸಿಗದ ಸಿಟ್ಟನ್ನೆಲ್ಲ ಇವರ ಮೇಲೆ ತೀರಿಸಿದ್ದ. ಒಮ್ಮೆ ಕೈಯೂ ಮಾಡಿದ್ದ.

"ಆಗ ಉಸಿರಿನ ತೊಂದರೆ ಇನ್ನೂ ಹೆಚ್ಚಿತ್ತಲ್ಲವಾ?" ಎಂದೆ. ಪ್ರಶ್ನೆಯ ಹೊಟ್ಟೆಯಲ್ಲೇ ನನ್ನ ಉತ್ತರ ಕೂತಿತ್ತು.

ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಇಲ್ಲ ಮೇಡಂ. ಆಗ ಉಸಿರು ಚೆನ್ನಾಗಿತ್ತು. ರಾತ್ರಿಯೆಲ್ಲ ಅತ್ತಿದ್ದೇನೆ, ಆದರೆ ಒಂದು ದಿನವೂ ಕೆಮ್ಮಲಿಲ್ಲ" ಎಂದರು.

ನನ್ನ ಪೆನ್ನು ನಿಂತಿತು. ಒತ್ತಡ ಕಾರಣವಾಗಿದ್ದರೆ, ಒತ್ತಡ ಉತ್ತುಂಗದಲ್ಲಿದ್ದ ಆ ವಾರಗಳಲ್ಲಿ ಆಕೆ ಆಸ್ಪತ್ರೆ ಸೇರಬೇಕಿತ್ತು. ತವರು ಮತ್ತು ಲಾಕ್‌ಡೌನ್, ಎರಡರಲ್ಲೂ ಇಲ್ಲದಿದ್ದದ್ದು ಯಾವುದು? ಗಂಡನಲ್ಲ, ಆತ ಲಾಕ್‌ಡೌನ್‌ನಲ್ಲಿ ಎದುರಿಗೇ ಇದ್ದ. ಎರಡರಲ್ಲೂ ಇಲ್ಲದಿದ್ದದ್ದು ಬೇಸಿನ್.

"ಕೆಲಸಕ್ಕೆ ವಾಪಸ್ ಹೋದ ಮೇಲೆ?"

"ಮೂರನೇ ದಿನಕ್ಕೇ ಶುರುವಾಯಿತು. ಅತ್ತೆ, ಮನೆಯಲ್ಲಿ ಕೂತು ಮೈ ಸೋಮಾರಿಯಾಗಿದೆ ಎಂದರು."

ಅಂದು ಸಂಜೆ ನನಗೆ ಪರಿಚಯದ ಎದೆರೋಗ ತಜ್ಞರೊಬ್ಬರಿಗೆ ಫೋನ್ ಮಾಡಿದೆ. ಅವರು ಮೊದಲು ಕೇಳಿದ ಪ್ರಶ್ನೆ, "ಏನು ಕೆಲಸ ಮಾಡುತ್ತಾರೆ?" ನಾಲ್ಕು ಭೇಟಿಗಳಲ್ಲಿ ನಾನು ಅರ್ಜಿಯ ಖಾನೆ ತುಂಬುವುದಕ್ಕಷ್ಟೇ ಕೇಳಿದ್ದ ಪ್ರಶ್ನೆ ಅದು. ರೇಷ್ಮೆ ಬಿಚ್ಚುವವರಿಗೆ ಬರುವ ಆಸ್ತಮಾದ ಬಗ್ಗೆ ವೈದ್ಯಕೀಯ ಪತ್ರಿಕೆಗಳಲ್ಲಿ 1980ರ ದಶಕದಲ್ಲೇ ಬರೆದಿದ್ದಾರೆ ಎಂದು ಅವರೇ ಹೇಳಿದರು. ರೇಷ್ಮೆಯ ಊರಿನಲ್ಲಿ ಕೂತ ನನಗೆ ಗೊತ್ತಿರಲಿಲ್ಲ.

ಇದರ ಒಳಗಿನ ಸಂಗತಿ ಹೀಗೆ. ಗೂಡನ್ನು ಕುದಿನೀರಿಗೆ ಹಾಕಿದಾಗ ಎಳೆಗಳನ್ನು ಅಂಟಿಸಿದ್ದ ಸೆರಿಸಿನ್ ಎಂಬ ಗೋಂದು ಕರಗುತ್ತದೆ, ಒಳಗಿನ ಹುಳು ಬೇಯುತ್ತದೆ. ಆ ಪ್ರೋಟೀನುಗಳ ಸೂಕ್ಷ್ಮ ಕಣಗಳು ಹಬೆಯ ಜೊತೆ ಗಾಳಿಗೆ ಸೇರಿ ಉಸಿರಿನೊಳಗೆ ಹೋಗುತ್ತವೆ. ಎಷ್ಟೋ ವರ್ಷ ಏನೂ ಆಗದಿರಬಹುದು. ಆದರೆ ಕೆಲವರಲ್ಲಿ ರೋಗನಿರೋಧಕ ವ್ಯವಸ್ಥೆ ಆ ಪ್ರೋಟೀನನ್ನು ಗುರುತು ಹಾಕಿಕೊಂಡು ಐಜಿಇ ಎಂಬ ಪ್ರತಿಕಾಯ ತಯಾರಿಸತೊಡಗುತ್ತದೆ. ಅದು ಶ್ವಾಸನಾಳದ ಒಳಪದರದಲ್ಲಿರುವ ಮಾಸ್ಟ್ ಕೋಶಗಳ ಮೈಗೆ ಅಂಟಿಕೊಂಡು ಕಾಯುತ್ತದೆ. ಮುಂದಿನ ಬಾರಿ ಅದೇ ಪ್ರೋಟೀನು ಬಂದು ತಗುಲಿದರೆ ಕೋಶ ಒಡಲು ಬಿಚ್ಚಿ ಹಿಸ್ಟಮಿನ್ ಮೊದಲಾದವನ್ನು ಸುರಿಯುತ್ತದೆ. ಕೆಲವೇ ನಿಮಿಷದಲ್ಲಿ ಸೀನು, ನೀರು ಸುರಿಯುವ ಮೂಗು, ಕೆಲವರಿಗೆ ಎದೆ ಬಿಗಿತವೂ. ಐಜಿಇ ಇರುವುದೇ ಹೊಟ್ಟೆಹುಳುವಿನಂಥ ಪರಾವಲಂಬಿಗಳನ್ನು ಎದುರಿಸುವುದಕ್ಕೆ ಎಂದು ಅನೇಕ ವಿಜ್ಞಾನಿಗಳು ನಂಬುತ್ತಾರೆ. ಇಲ್ಲಿ ಅದು ಬೆಂದ ರೇಷ್ಮೆಹುಳುವಿನ ಮೇಲೆ ಎರಗಿದೆ.

ನನ್ನನ್ನು ದಾರಿ ತಪ್ಪಿಸಿದ್ದು ಎರಡನೆಯ ಅಂಕ. ಮೊದಲ ಪ್ರತಿಕ್ರಿಯೆ ಇಳಿದು ನಾಲ್ಕರಿಂದ ಎಂಟು ಗಂಟೆಗಳ ಮೇಲೆ, ಆ ಕೋಶಗಳ ಕರೆಗೆ ಓಗೊಟ್ಟು ರಕ್ತದಿಂದ ಬೇರೆ ಕೋಶಗಳು ಶ್ವಾಸನಾಳಕ್ಕೆ ಬಂದು ತುಂಬಿಕೊಳ್ಳುತ್ತವೆ. ಒಳಪದರ ಊದಿಕೊಳ್ಳುತ್ತದೆ, ಲೋಳೆ ಕಟ್ಟುತ್ತದೆ. ಉರಿಯೂತ ಎಂಬ ಪದ ಎಷ್ಟು ಸರಿಯಾಗಿದೆ ನೋಡಿ, ಉರಿ ಮತ್ತು ಊತ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತದೆ. ಮಧ್ಯಾಹ್ನ ಬೇಸಿನ್ ಮುಂದೆ ಒಳಗೆ ಹೋದದ್ದು ರಾತ್ರಿ ಗಂಡನ ಪಕ್ಕದಲ್ಲಿ ಮಲಗಿದಾಗ ಕೆಮ್ಮಾಗುತ್ತದೆ. ಅಪರಾಧ ಒಂದು ಕಡೆ, ಕೂಗು ಇನ್ನೊಂದು ಕಡೆ. ಎಕ್ಸ್‌ರೇಯಲ್ಲಿ ಇದು ಕಾಣುವುದಿಲ್ಲ. ಬೆಳಿಗ್ಗೆ ಹತ್ತಕ್ಕೆ ಹೊರರೋಗಿ ವಿಭಾಗದಲ್ಲಿ ಸ್ಟೆತೊಸ್ಕೋಪ್ ಇಟ್ಟರೆ ಸಿಳ್ಳೆ ಕೇಳದೆಯೂ ಇರಬಹುದು.

ಇದನ್ನೆಲ್ಲ ಸರಳವಾಗಿ ಹೇಳಿದಾಗ ಆಕೆ, "ಹದಿನಾಲ್ಕು ವರ್ಷ ಬರೆದಿಟ್ಟುಕೊಂಡು ಈಗ ಕೇಳುತ್ತಿದೆ, ನಮ್ಮ ಸಾಹುಕಾರರ ಅಡ್ವಾನ್ಸ್ ಪುಸ್ತಕದ ಹಾಗೆ" ಎಂದರು. ನನಗಿಂತ ಚೆನ್ನಾಗಿ ಹೇಳಿದರು. ಒಂದು ತಿದ್ದುಪಡಿ ಮಾತ್ರ ಮಾಡಿದೆ. ಸಾಲ ತೀರಿಸುತ್ತಾ ಹೋದರೆ ಕಡಿಮೆಯಾಗುತ್ತದೆ, ಇದು ಹಾಗಲ್ಲ. ಒಮ್ಮೆ ಪುಸ್ತಕ ತೆರೆದ ಮೇಲೆ ಹಿಂದೆ ತಡೆದುಕೊಂಡಿದ್ದಕ್ಕಿಂತ ಎಷ್ಟೋ ಕಡಿಮೆ ಹಬೆಯೂ ಸಾಕು. ಆದ್ದರಿಂದ "ಇಷ್ಟು ವರ್ಷ ಆಗದ್ದು ಈಗ ಯಾಕೆ" ಎಂಬ ಅತ್ತೆಯ ವಾದ ತಲೆಕೆಳಗಾದದ್ದು. ಇಷ್ಟು ವರ್ಷ ಅಲ್ಲಿ ಕೂತದ್ದಕ್ಕೇ ಈಗ ಆಗಿದೆ. ಅದೇ ಅತ್ತೆ, ಸೊಸೆಗೆ ರೋಗನಿರೋಧಕ ಶಕ್ತಿ ಕಡಿಮೆಯಾಗಿದೆ ಎಂದು ದಿನಾ ಕಷಾಯ ಕುಡಿಸುತ್ತಿದ್ದರು. ಇದು ಆ ಶಕ್ತಿ ಕಡಿಮೆಯಾಗಿ ಬಂದ ಕಾಯಿಲೆಯಲ್ಲ, ಬೇಡದ ಕಡೆ ಅದು ಎರಗಿದ್ದರಿಂದ ಬಂದದ್ದು.

ಈ ಪ್ರಕರಣವನ್ನು ನನ್ನ ವೃತ್ತಿಯವರ ಮುಂದೆ ಹೇಳಿದಾಗ ಒಬ್ಬರು ಗುಲಾಬಿಯ ಕತೆ ತೆಗೆದರು. 1886ರಲ್ಲಿ ಮೆಕೆಂಜಿ ಎಂಬ ಅಮೆರಿಕದ ವೈದ್ಯ, ಗುಲಾಬಿ ಕಂಡರೆ ಆಸ್ತಮಾ ಕೆರಳುತ್ತಿದ್ದ ಮಹಿಳೆಯೊಬ್ಬರ ಮುಂದೆ ಕೃತಕ ಗುಲಾಬಿ ಹಿಡಿದಾಗಲೂ ಆಕೆಗೆ ಉಸಿರು ಕಟ್ಟಿತ್ತು. ಮನಸ್ಸಿನ ಪಾತ್ರ ಇಲ್ಲ ಎಂದು ಹೇಗೆ ಹೇಳುತ್ತೀರಿ ಎಂಬುದು ಅವರ ಪ್ರಶ್ನೆ. ಇಲ್ಲ ಎಂದು ನಾನು ಹೇಳುವುದಿಲ್ಲ, ಭಯ ಮತ್ತು ಅಳು ಆಸ್ತಮಾವನ್ನು ಕೆರಳಿಸಬಲ್ಲವು. ಆದರೆ ನನ್ನ ಬಳಿ ಇನ್ನೊಂದು ಕತೆ ಇದೆ. 1921ರಲ್ಲಿ ಜರ್ಮನಿಯ ಪ್ರೌಸ್ನಿಟ್ಸ್ ಎಂಬ ವೈದ್ಯರು, ಮೀನು ಆಗದ ತಮ್ಮ ಸಹೋದ್ಯೋಗಿ ಕ್ಯುಸ್ಟ್ನರ್ ಅವರ ರಕ್ತದ ಸೀರಮ್ ತೆಗೆದು ತಮ್ಮ ಚರ್ಮಕ್ಕೆ ಚುಚ್ಚಿಕೊಂಡರು. ಮರುದಿನ ಅದೇ ಜಾಗಕ್ಕೆ ಮೀನಿನ ಸಾರ ಚುಚ್ಚಿದಾಗ ಅಲ್ಲಿ ದದ್ದು ಎದ್ದಿತು. ಪ್ರೌಸ್ನಿಟ್ಸ್‌ಗೆ ಮೀನಿನಿಂದ ತೊಂದರೆ ಇರಲಿಲ್ಲ. ಒಬ್ಬರ ಮೈಯಿಂದ ಇನ್ನೊಬ್ಬರ ಮೈಗೆ ದಾಟಿದ್ದು ಹನಿ ಸೀರಮ್, ಮನಸ್ಸಲ್ಲ. ಆ ಸೀರಮ್ಮಿನಲ್ಲಿ ಇದ್ದದ್ದು ಐಜಿಇ ಎಂದು ಗೊತ್ತಾಗಲು ಮತ್ತೆ ನಲವತ್ತೈದು ವರ್ಷ ಹಿಡಿಯಿತು. ನಾನು ಮನಸ್ಸಿನ ಕೆಲಸದವಳು, ನನ್ನ ಅಂಗಡಿಯನ್ನು ನಾನೇ ಮುಚ್ಚುವುದಿಲ್ಲ. ಆದರೆ ಕೃತಕ ಗುಲಾಬಿಗೂ ಮುಂಚೆ ಆ ಮಹಿಳೆಗೆ ಆಸ್ತಮಾ ಇತ್ತು ಎಂಬುದನ್ನು ಗುಲಾಬಿಯವರು ಮರೆಯುತ್ತಾರೆ.

ತಜ್ಞರು ಪೀಕ್ ಫ್ಲೋ ಮೀಟರ್ ಎಂಬ, ಊದಿದ ಉಸಿರಿನ ವೇಗ ಅಳೆಯುವ ಪ್ಲಾಸ್ಟಿಕ್ ಕೊಳವೆ ಕೊಟ್ಟರು. ಕೆಲಸಕ್ಕೆ ಹೋಗುವ ಎರಡು ವಾರ, ತವರಿನಲ್ಲಿರುವ ಎರಡು ವಾರ, ದಿನಕ್ಕೆ ನಾಲ್ಕು ಬಾರಿ ಊದಿ ಅಂಕಿ ಬರೆಯಬೇಕು. ಏಳನೇ ತರಗತಿ ಓದಿದ್ದ ಆಕೆ ಮಗಳ ನೋಟ್ ಪುಸ್ತಕದಲ್ಲಿ ಒಂದೂ ತಪ್ಪದೆ ಬರೆದರು. ತವರಿನ ಪುಟದಲ್ಲಿ ಅಂಕಿಗಳು 350ರ ಆಸುಪಾಸಿನಲ್ಲಿ ಸಮತಟ್ಟಾಗಿ ನಿಂತಿದ್ದವು. ಕೆಲಸದ ಪುಟದಲ್ಲಿ ವಾರ ಕಳೆದಂತೆ ಇಳಿಯುತ್ತಾ ರಾತ್ರಿ 220ಕ್ಕೆ ಬಂದಿದ್ದವು. ಗಂಡ ಪುಸ್ತಕವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಕೇಳಿದ್ದು ಒಂದೇ ಮಾತು: "ಹಾಗಾದರೆ ನನ್ನಿಂದ ಅಲ್ಲವಾ?"

ಅವನ ಕ್ಷಮೆ ಕೇಳಿದೆ. ಕೇಳಬೇಕಿತ್ತು. ಕೈ ಮಾಡಿದ್ದರ ಲೆಕ್ಕ ಬೇರೆಯೇ ಇದೆ, ಅದು ಹಾಗೆಯೇ ಇದೆ ಎಂದೂ ಹೇಳಿದೆ. ಮೊದಲ ಮಾತು ಅವನಿಗೆ ಕೇಳಿಸಿತು, ಎರಡನೆಯದು ಕೇಳಿಸಲಿಲ್ಲ. ಮುಂದಿನ ತಿಂಗಳು ಮತ್ತೆ ಕುಡಿತ ಶುರುವಾಯಿತು.

ಸಲಹೆಯ ಮಾತಿಗೆ ಬರುತ್ತೇನೆ, ನನ್ನ ಮೇಲೆ ಆಕ್ಷೇಪ ಬಂದದ್ದು ಅದಕ್ಕೇ. ತಜ್ಞರು ಬರೆದ ಸ್ಟಿರಾಯ್ಡ್ ಪಂಪನ್ನು, ಅಂದರೆ ಇನ್‌ಹೇಲರನ್ನು, ದಿನಾ ತೆಗೆದುಕೊಳ್ಳಿ, ಚೆನ್ನಾಗಿದೆ ಎನಿಸಿದ ದಿನವೂ ಬಿಡಬೇಡಿ ಎಂದೆ. ಪಂಪು ಚಟವಾಗುತ್ತದೆ ಎಂದು ಬೀದಿಯಲ್ಲಿ ಹೇಳುವವರೇ, ದಮ್ಮು ಬಂದಾಗ ಸಿಕ್ಕ ಅಂಗಡಿಯಲ್ಲಿ ಸ್ಟಿರಾಯ್ಡ್ ಮಾತ್ರೆ ಕೊಂಡು ನುಂಗುತ್ತಾರೆ. ಪಂಪಿನದು ಮೈಕ್ರೋಗ್ರಾಂ ಲೆಕ್ಕ, ನೇರ ಶ್ವಾಸನಾಳಕ್ಕೆ. ಮಾತ್ರೆಯದು ಮಿಲಿಗ್ರಾಂ ಲೆಕ್ಕ, ಮೈಯೆಲ್ಲಕ್ಕೆ. ತಕ್ಷಣ ಆರಾಮ ಕೊಡುವ ಪಂಪು ಬೇರೆ, ಉರಿಯೂತ ಇಳಿಸುವ ಪಂಪು ಬೇರೆ. ಮೊದಲನೆಯದನ್ನು ಮಾತ್ರ ನೆಚ್ಚಿಕೊಂಡರೆ ಒಳಗಿನ ಊತ ಹಾಗೆಯೇ ಉಳಿಯುತ್ತದೆ.

ಎರಡನೆಯ ಸಲಹೆ, ಬೇಸಿನ್ ಬಿಡಿ. ಬಟ್ಟೆ ಕಟ್ಟಿಕೊಂಡು ಕೂರುತ್ತೇನೆ ಎಂದರು. ಬಟ್ಟೆ ಹಬೆಯನ್ನು ತಡೆಯುವುದಿಲ್ಲ. "ಹೊಟ್ಟೆಗೆ ಏನು ಮಾಡಲಿ ಎಂದು ಕೇಳಿದರೆ ನಿಮ್ಮ ಬಳಿ ಉತ್ತರ ಇದೆಯೇ? ಕೆಲಸ ಬಿಡಿಸುವುದು ಆಪ್ತಸಲಹೆಯೇ?" ಎಂದು ಹಿರಿಯ ಸಹೋದ್ಯೋಗಿಯೊಬ್ಬರು ನನ್ನನ್ನು ಕೇಳಿದರು. ನಿರ್ಧಾರ ಅವರದೇ ಆಗಬೇಕು, ನಾವು ದಾರಿ ತೋರಿಸಬಾರದು ಎಂಬುದು ನಮಗೆ ಕಲಿಸಿದ ಪಾಠ. ಒಳ್ಳೆಯ ಪಾಠವೇ. ಆದರೆ ಈ ಕಾಯಿಲೆಯಲ್ಲಿ ಕಾಲ ಸುಮ್ಮನೆ ಕೂರುವುದಿಲ್ಲ. ಲಕ್ಷಣ ಶುರುವಾದ ಮೇಲೆ ಬೇಗ ದೂರ ಸರಿದವರು ಚೇತರಿಸಿಕೊಳ್ಳುವ ಸಾಧ್ಯತೆ ಹೆಚ್ಚು. ವರ್ಷಗಟ್ಟಲೆ ಅಲ್ಲೇ ಉಳಿದವರಿಗೆ, ಆಮೇಲೆ ಬಿಟ್ಟರೂ ಆಸ್ತಮಾ ಉಳಿದುಬಿಡಬಹುದು. ಈಕೆ ಆಗಲೇ ಲಕ್ಷಣಗಳ ಜೊತೆ ನಾಲ್ಕು ವರ್ಷ ಕಳೆದಿದ್ದರು, ಅದರಲ್ಲಿ ಮೂರು ತಿಂಗಳು ನನ್ನ ಕೊಡುಗೆ. ಗೊತ್ತಿದ್ದೂ ಹೇಳದೆ "ನಿಮಗೆ ಏನನ್ನಿಸುತ್ತದೆ" ಎಂದು ಕೇಳುತ್ತಾ ಕೂರುವುದು ನನ್ನ ಕೈಯಲ್ಲಿ ಆಗಲಿಲ್ಲ.

ಪರಿಹಾರ ಕೇಳಬಹುದಿತ್ತು. 1923ರ ನೌಕರರ ಪರಿಹಾರ ಕಾಯ್ದೆಯ ಉದ್ಯೋಗಜನ್ಯ ರೋಗಗಳ ಪಟ್ಟಿಯಲ್ಲಿ ಕೆಲಸದಿಂದ ಬರುವ ಆಸ್ತಮಾ ಸೇರಿತ್ತು. ಆದರೆ ಹಾಜರಿ ಪುಸ್ತಕವೇ ಇಲ್ಲದ ಘಟಕದಲ್ಲಿ ಹದಿನಾಲ್ಕು ವರ್ಷ ಕೂತಿದ್ದಕ್ಕೆ ಸಾಕ್ಷಿ ಯಾರು? ಇದ್ದ ಒಂದೇ ದಾಖಲೆ ಮುಂಗಡದ ಪುಸ್ತಕ, ಅದು ಮಾಲೀಕರ ಕಪಾಟಿನಲ್ಲಿ.

ಆಕೆ ಈಗ ಶಾಲೆಯೊಂದರಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಾರೆ. ಕೈಗೆ ಬರುವುದು ಮೊದಲಿನದರ ಅರ್ಧವೂ ಇಲ್ಲ. ರಾತ್ರಿ ನಿದ್ದೆ ಬರುತ್ತದೆ, ಪಂಪಿನ ಪ್ರಮಾಣ ಇಳಿದಿದೆ. ಬಿಚ್ಚಾಣಿಕೆ ಘಟಕಗಳ ಬೀದಿಯನ್ನು ಬಿಟ್ಟು ಸುತ್ತು ಹಾದಿಯಲ್ಲಿ ಸಂತೆಗೆ ಹೋಗುತ್ತಾರಂತೆ.

ಮುಂಗಡ ಏನಾಯಿತು ಎಂದು ಕಳೆದ ಭೇಟಿಯಲ್ಲಿ ಕೇಳಿದೆ. ನಾದಿನಿಯ ಹೆಸರಿಗೆ ಬರೆಸಿದ್ದಾರೆ. ಹತ್ತೊಂಬತ್ತು ವರ್ಷದ ಹುಡುಗಿ, ಒಂದೂವರೆ ವರ್ಷದಿಂದ ಅದೇ ಬೇಸಿನ್ ಮುಂದೆ ಕೂರುತ್ತಿದ್ದಾಳೆ. ಈಚೆಗೆ ಕೆಲಸ ಶುರುವಾದ ಗಳಿಗೆಯಿಂದ ಸೀನು, ಮೂಗು ಸೋರುವುದು. ಆಸ್ತಮಾಕ್ಕೂ ಮುಂಚೆ ಎಷ್ಟೋ ಜನರಲ್ಲಿ ಮೂಗೇ ಮೊದಲು ಸೋರುತ್ತದೆ. ಗುರುವಾರ ಕರೆದುಕೊಂಡು ಬನ್ನಿ ಎಂದಿದ್ದೇನೆ. ಗುರುವಾರ ಕೆಲಸಕ್ಕೆ ರಜೆ ಸಿಗುವುದಿಲ್ಲ, ಭಾನುವಾರ ಬಂದರೆ ಆಗುತ್ತದೆಯೇ ಎಂದು ಕೇಳಿದ್ದಾರೆ.