ಫೋನಿಗೆ ವೈಫೈ ಸರಿಯಾಗಿ ಬರುತ್ತೆ, ನಿಂಟೆಂಡೋ ಸ್ವಿಚ್ ಲೈಟ್ ಗೇಮ್ ಕನ್ಸೋಲ್‌ನಲ್ಲಿ ಮಾತ್ರ ಗೆಳೆಯರ ಜೊತೆ ಆಡೋಕಾಗ್ತಿಲ್ಲ. ಫ್ಯಾಕ್ಟರಿ ರೀಸೆಟ್ ಮಾಡಲಾ, ಹೊಸದೇ ತಗೊಳ್ಳಲಾ?

ದಯವಿಟ್ಟು ರೀಸೆಟ್ ಮಾಡಬೇಡಿ. ಈಗಾಗಲೇ ಆ ಮೆನು ತೆರೆದಿದ್ದರೆ ಹಿಂದೆ ಬನ್ನಿ. ಮೊದಲು ಇದನ್ನು ಓದಿ.

ನಿಮ್ಮ ಪ್ರಶ್ನೆ ಓದಿ ಎದೆ ಧಸಕ್ ಅಂದಿತು. ನಮ್ಮ ಮನೆಯಲ್ಲೂ ಇದೇ ಸ್ವಿಚ್ ಲೈಟ್, ಇದೇ ತೊಂದರೆ. ಅದು ನನ್ನ ತಂಗಿಯದು. ಅವಳು ಆಡುತ್ತಿದ್ದದ್ದು ಅನಿಮಲ್ ಕ್ರಾಸಿಂಗ್. ಒಂದು ದ್ವೀಪವನ್ನು ದಿನಾ ಸ್ವಲ್ಪ ಸ್ವಲ್ಪವೇ ಕಟ್ಟುತ್ತಾ ಹೋಗುವ ಆಟ ಅದು. ಎರಡು ವರ್ಷದಿಂದ ಕಟ್ಟಿದ್ದಳು. ನದಿಯ ದಾರಿ ತಿರುಗಿಸಿದ್ದಳು, ಗುಡ್ಡ ಕಡಿದು ಮೆಟ್ಟಿಲು ಇಟ್ಟಿದ್ದಳು. ನೀಲಿ ಗುಲಾಬಿ ಬರಲಿ ಅಂತ ತಿಂಗಳುಗಟ್ಟಲೆ ಗಿಡಗಳಿಗೆ ನೀರು ಹಾಕಿದ್ದಳು.

ಒಂದು ದಿನ ಗೆಳತಿಯ ದ್ವೀಪಕ್ಕೆ ಹೋಗೋಕಾಗಲಿಲ್ಲ. ಆಟದೊಳಗಿನ ವಿಮಾನ ನಿಲ್ದಾಣದಲ್ಲಿ ಹುಡುಕುತ್ತೆ, ಹುಡುಕುತ್ತೆ, ಆಮೇಲೆ 2618-0516 ಅನ್ನೋ ಕೋಡ್ ತೋರಿಸಿ ನಿಂತುಬಿಡುತ್ತೆ. ಅದೇ ಹೊತ್ತಿಗೆ ನಿಂಟೆಂಡೋದ ಆನ್‌ಲೈನ್ ಅಂಗಡಿ ಈಶಾಪ್ ತೆರೆಯುತ್ತಿತ್ತು. ಅಪ್‌ಡೇಟ್ ಇಳಿಯುತ್ತಿತ್ತು. ನನ್ನ ಫೋನಲ್ಲಿ ವಿಡಿಯೋ ಒಂದು ಕ್ಷಣವೂ ನಿಲ್ಲದೆ ಓಡುತ್ತಿತ್ತು. "ಅಣ್ಣ, ಸ್ವಲ್ಪ ನೋಡು" ಅಂದಳು.

ನಾನೂ ನಿಮ್ಮ ಹಾಗೇ ಯೋಚಿಸಿದೆ. ಫೋನಲ್ಲಿ ಎಲ್ಲ ಸರಿ ಇದೆ, ಹಾಗಾದರೆ ಕೆಟ್ಟಿರುವುದು ಕನ್ಸೋಲ್. ಈ ಲೆಕ್ಕವೇ ತಪ್ಪು, ಅದಕ್ಕೆ ಮುಂದೆ ಬರುತ್ತೇನೆ.

ಮೊದಲನೇ ಸಂಜೆ ಕನ್ಸೋಲ್‌ನಲ್ಲಿ ಎಂಟಿಯು (ಒಂದು ಸಲಕ್ಕೆ ಕಳಿಸುವ ಡೇಟಾ ತುಣುಕಿನ ಗಾತ್ರ) 1400 ಇದ್ದದ್ದನ್ನು 1500 ಮಾಡಿದೆ. ಏನೂ ಆಗಲಿಲ್ಲ. ಎರಡನೇ ಸಂಜೆ ಡಿಎನ್‌ಎಸ್ (ವೆಬ್ ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ ಸರ್ವರ್) ತೆಗೆದು ಗೂಗಲ್‌ನ 8.8.8.8 ಹಾಕಿದೆ. ಆಗಲೂ ಏನೂ ಇಲ್ಲ. ಮೂರನೇ ದಿನ ತಾಳ್ಮೆ ಹೋಯಿತು. "ಎಲ್ಲ ಅಳಿಸಿ ಹೊಸದಾಗಿ ಶುರು ಮಾಡೋಣ, ಸರಿ ಹೋಗುತ್ತೆ" ಅಂದೆ. ತಂಗಿ ಕೇಳಿದಳು: "ನನ್ನ ದ್ವೀಪ?" ನಾನು ಮೆಮೊರಿ ಕಾರ್ಡನ್ನು ಹೊರಗೆ ತೆಗೆದು, ಅಂಗೈಯಲ್ಲಿಟ್ಟು ತೋರಿಸಿ, "ಇದರೊಳಗೆ ಇದೆ, ಏನೂ ಆಗಲ್ಲ" ಅಂದೆ.

ಆ ಮಾತು ನನಗೆ ಇವತ್ತೂ ಚುಚ್ಚುತ್ತೆ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ, ಯಾಕಂದರೆ ತುಂಬಾ ಜನ ಹೀಗೇ ಅಂದುಕೊಂಡಿರುತ್ತಾರೆ. ಸ್ವಿಚ್‌ನಲ್ಲಿ ಮೈಕ್ರೋಎಸ್‌ಡಿ ಕಾರ್ಡಿಗೆ ಹೋಗುವುದು ಡೌನ್‌ಲೋಡ್ ಮಾಡಿದ ಆಟಗಳು, ಅಪ್‌ಡೇಟ್‌ಗಳು, ಫೋಟೋ, ವಿಡಿಯೋ. ಆಟದ ಸೇವ್, ಅಂದರೆ ನಾವು ಇಲ್ಲಿಯವರೆಗೆ ಆಡಿದ್ದರ ದಾಖಲೆ, ಮಾತ್ರ ಕಾರ್ಡಿಗೆ ಹೋಗುವುದೇ ಇಲ್ಲ. ಅದು ಯಾವಾಗಲೂ ಕನ್ಸೋಲ್‌ನ ಒಳಗಿನ ಮೆಮೊರಿಯಲ್ಲೇ ಇರುತ್ತೆ. ಗೇಮ್ ಕಾರ್ಡ್ ಹಾಕಿ ಆಡಿದರೂ ಅಷ್ಟೇ, ಸೇವ್ ಆ ಕಾರ್ಡಲ್ಲಿ ಇರಲ್ಲ. ಫಾರ್ಮ್ಯಾಟಿಂಗ್ ಆಪ್ಷನ್ಸ್‌ನಲ್ಲಿರುವ ಇನಿಷಿಯಲೈಸ್ ಕನ್ಸೋಲ್ ಒತ್ತಿದರೆ ಆ ಒಳಗಿನ ಮೆಮೊರಿ ಪೂರ್ತಿ ಖಾಲಿ. ಕಾರ್ಡನ್ನು ಎಷ್ಟು ಜೋಪಾನವಾಗಿ ಎತ್ತಿಟ್ಟರೂ ಉಪಯೋಗವಿಲ್ಲ.

ನನಗೆ ಇನ್ನೊಂದು ಧೈರ್ಯವೂ ಇತ್ತು: ನಿಂಟೆಂಡೋದ ಆನ್‌ಲೈನ್ ಸದಸ್ಯತ್ವ ಇದೆ, ಸೇವ್ ಕ್ಲೌಡಿಗೆ ಹೋಗಿರುತ್ತೆ ಅಂತ. ಅವಳ ಬೇರೆ ಆಟಗಳು ಹೋಗಿದ್ದವು ಕೂಡ. ಆದರೆ ಅನಿಮಲ್ ಕ್ರಾಸಿಂಗ್ ಆ ಸಾಮಾನ್ಯ ಕ್ಲೌಡ್ ಸೇವ್‌ಗೆ ಸೇರಿಲ್ಲ. ಅದಕ್ಕೆ ದ್ವೀಪದ ಬ್ಯಾಕಪ್ ಅಂತ ಬೇರೆಯೇ ವ್ಯವಸ್ಥೆ ಇದೆ. 2020ರ ಜುಲೈ ಕೊನೆಯಲ್ಲಿ ಬಂತು. ಆಟದ ಶುರುವಿನ ಪರದೆಯಲ್ಲಿ ಮೈನಸ್ ಬಟನ್ ಒತ್ತಿ, ಒಳಗೆ ಹೋಗಿ, ನಾವೇ ಆನ್ ಮಾಡಬೇಕು. ನಾವು ಮಾಡಿರಲಿಲ್ಲ. ಅದು ಇದೆ ಅನ್ನೋದೇ ನನಗೆ ಗೊತ್ತಿರಲಿಲ್ಲ. ಅಳಿಸುವ ಮುಂಚೆ ಐದು ನಿಮಿಷ ಓದಿದ್ದರೆ ಗೊತ್ತಾಗುತ್ತಿತ್ತು. ಸೇವ್ ಉಳಿಸಿಕೊಂಡೇ ರೀಸೆಟ್ ಮಾಡುವ ದಾರಿ ಕೂಡ ಸ್ವಿಚ್‌ನಲ್ಲಿ ಇದೆ, ರಿಕವರಿ ಮೋಡ್‌ನಲ್ಲಿ. ಅದನ್ನೂ ಹುಡುಕಲಿಲ್ಲ.

ರೀಸೆಟ್ ಆಯಿತು. ಭಾಷೆ ಯಾವುದು ಅಂತ ಕೇಳುವ ಪರದೆ ಬಂತು. ಕಾರ್ಡ್ ಹಾಕಿದೆ, ಅಕೌಂಟ್ ಸೇರಿಸಿದೆ, ಆಟ ತೆರೆದೆ. ವಿಮಾನ ನಿಲ್ದಾಣದ ಕೌಂಟರಿನಲ್ಲಿ ಆ ಎರಡು ಪುಟ್ಟ ಪ್ರಾಣಿಗಳು ನಿಂತುಕೊಂಡು, ಮೊದಲ ಸಲ ಆಟ ಶುರು ಮಾಡುವವರನ್ನು ಕೇಳುವ ಹಾಗೆ ನಿಮ್ಮ ಹೆಸರೇನು ಅಂತ ತಂಗಿಯನ್ನು ಕೇಳಿದವು. ಅವಳು ಏನೂ ಮಾತಾಡಲಿಲ್ಲ. ಕನ್ಸೋಲನ್ನು ಮಂಚದ ಮೇಲೆ ಮೆಲ್ಲಗೆ ಇಟ್ಟು ಎದ್ದು ಹೋದಳು.

ಇಷ್ಟೆಲ್ಲ ಆದಮೇಲೂ ತೊಂದರೆ ಹಾಗೇ ಇತ್ತು. ಆಟ ಶುರು ಮಾಡಿ ಗೆಳತಿಯ ದ್ವೀಪಕ್ಕೆ ಹೋಗುವ ಹಂತಕ್ಕೆ ಬಂದಾಗ ಮತ್ತೆ ಅದೇ 2618-0516.

ಆಗ ಮಾತ್ರ ನಾನು ಕನ್ಸೋಲ್‌ನ ಇಂಟರ್ನೆಟ್ ಸೆಟ್ಟಿಂಗ್ಸ್‌ನಲ್ಲಿ ಕನೆಕ್ಷನ್ ಟೆಸ್ಟ್ ಒತ್ತಿ, ಬಂದ ಉತ್ತರವನ್ನು ಕೊನೆಯ ಸಾಲಿನವರೆಗೆ ಓದಿದೆ. ಅಲ್ಲಿ ನ್ಯಾಟ್ ಟೈಪ್: ಡಿ ಅಂತ ಇತ್ತು. ನ್ಯಾಟ್ ಅಂದರೆ ಮನೆಯೊಳಗಿನ ಸಾಧನಗಳ ವಿಳಾಸವನ್ನು ಹೊರಗಿನ ವಿಳಾಸವಾಗಿ ಬದಲಿಸುವ ಕೆಲಸ. ಎ ಅಥವಾ ಬಿ ಇದ್ದರೆ ಚಿಂತೆಯಿಲ್ಲ. ಡಿ ಇದ್ದರೆ ಬೇರೆ ಕನ್ಸೋಲ್‌ಗಳ ಜೊತೆ ಸೇರುವುದು ತುಂಬಾ ಕಷ್ಟ. ಆ ಕೋಡ್ ಹೇಳುತ್ತಿದ್ದದ್ದೂ ಅದನ್ನೇ: ನ್ಯಾಟ್ ದಾಟಿ ಇನ್ನೊಂದು ಕನ್ಸೋಲನ್ನು ತಲುಪೋಕೆ ಆಗಲಿಲ್ಲ. ಮತ್ತು ನ್ಯಾಟ್ ಇರುವುದು ಕನ್ಸೋಲ್‌ನಲ್ಲಲ್ಲ, ರೂಟರ್‌ನಲ್ಲಿ. ಕನ್ಸೋಲನ್ನು ನೂರು ಸಲ ಅಳಿಸಿದ್ದರೂ ಅದು ಬದಲಾಗುತ್ತಿರಲಿಲ್ಲ.

ಅದಕ್ಕೆ ಎರಡು ವಾರ ಹಿಂದೆ ಒಳಗಿನ ಕೋಣೆಗೆ ಸಿಗ್ನಲ್ ಬರಲ್ಲ ಅಂತ ನಾನೇ ಇನ್ನೊಂದು ರೂಟರ್ ಹಾಕಿದ್ದೆ. ಮೊದಲನೆಯದರಿಂದ ಒಂದು ಕೇಬಲ್ ಎಳೆದು ಎರಡನೆಯದರ ವ್ಯಾನ್ (ಇಂಟರ್ನೆಟ್ ಒಳಗೆ ಬರುವ) ಪೋರ್ಟಿಗೆ ಚುಚ್ಚಿದ್ದೆ. ಎರಡೂ ರೂಟರ್‌ಗಳು ತಮ್ಮ ಪಾಡಿಗೆ ನ್ಯಾಟ್ ಮಾಡುತ್ತಿದ್ದವು. ಅಂದರೆ ಮನೆಗೆ ಒಂದರ ಹಿಂದೆ ಒಂದು, ಎರಡು ಗೇಟು.

ಫೋನಿಗೆ ಯಾಕೆ ತೊಂದರೆ ಆಗಲಿಲ್ಲ ಅಂದರೆ, ವಿಡಿಯೋ ಬೇಕು ಅಂತ ಕೇಳುವುದು ಫೋನೇ. ಒಳಗಿನಿಂದ ಹೋದವರು ವಾಪಸ್ ಬಂದಾಗ ಎರಡೂ ಗೇಟಿನವರು ಗುರುತು ಹಿಡಿದು ಬಿಡುತ್ತಾರೆ. ಗೆಳೆಯರ ಜೊತೆ ಆಡುವಾಗ ಹಾಗಲ್ಲ. ಇಂಥ ಆಟಗಳಲ್ಲಿ ಎರಡು ಕನ್ಸೋಲ್‌ಗಳು ನೇರವಾಗಿ ಮಾತಾಡುತ್ತವೆ. ಹೊರಗಿನಿಂದ ಒಬ್ಬರು ಬಂದು ಬಾಗಿಲು ತಟ್ಟುತ್ತಾರೆ. ವಿಳಾಸ ಎರಡು ಸಲ ಬದಲಾಗಿರುತ್ತೆ, ತಟ್ಟಿದ್ದು ಒಳಗೆ ಕೇಳಿಸುವುದೇ ಇಲ್ಲ. ಅದಕ್ಕೇ ಹೇಳಿದ್ದು, ಫೋನ್ ಸರಿ ಇದೆ ಅನ್ನೋದು ನೆಟ್‌ವರ್ಕ್ ಸರಿ ಇದೆ ಅನ್ನೋದಕ್ಕೆ ಸಾಕ್ಷಿ ಅಲ್ಲ. ನಿಮ್ಮ ಪ್ರಶ್ನೆ ನಿಂತಿರುವುದೇ ಆ ಊಹೆಯ ಮೇಲೆ. ನನ್ನ ಪ್ರಕಾರ ನಿಮ್ಮ ಕನ್ಸೋಲ್‌ಗೆ ಏನೂ ಆಗಿಲ್ಲ.

ಎರಡನೇ ರೂಟರ್‌ನ ಸೆಟ್ಟಿಂಗ್‌ನಲ್ಲಿ ಆ್ಯಕ್ಸೆಸ್ ಪಾಯಿಂಟ್ ಮೋಡ್ ಆರಿಸಿದೆ. ಆಗ ಅದು ನ್ಯಾಟ್ ಮಾಡದೆ ವೈಫೈ ಮಾತ್ರ ಹರಡುತ್ತೆ. ಅದು ಹೊಸದಾಗಿ ಆನ್ ಆಗುವಷ್ಟರಲ್ಲಿ ಕೆಲಸ ಮುಗಿದಿತ್ತು. ಟೆಸ್ಟ್ ಮಾಡಿದರೆ ನ್ಯಾಟ್ ಟೈಪ್ ಬಿ.

ಈಗ ನೀವು ಮಾಡಬೇಕಾದದ್ದು. ಮೊದಲು ಕನೆಕ್ಷನ್ ಟೆಸ್ಟ್ ಮಾಡಿ ನ್ಯಾಟ್ ಟೈಪ್ ಯಾವುದು ನೋಡಿ. ಸಿ ಅಥವಾ ಡಿ ಬಂದರೆ ಮನೆಯಲ್ಲಿ ಎಷ್ಟು ರೂಟರ್ ಇದೆ ಅಂತ ಎಣಿಸಿ. ಇಂಟರ್ನೆಟ್ ಕಂಪನಿ ಕೊಟ್ಟ ಡಬ್ಬವೂ ಎಷ್ಟೋ ಸಲ ರೂಟರೇ ಆಗಿರುತ್ತೆ, ಅದನ್ನು ಬಿಡಬೇಡಿ. ಆಮೇಲೆ ನೀವು ಬಳಸುವ ರೂಟರ್‌ನ ಸೆಟ್ಟಿಂಗ್ ಪುಟ ತೆರೆದು ವ್ಯಾನ್ ಐಪಿ (ಅದರ ಹೊರಗಿನ ಕಡೆಯ ವಿಳಾಸ) ನೋಡಿ. ಅದು 192.168 ಅಥವಾ 10 ಅಂತ ಶುರುವಾದರೆ ಆ ರೂಟರ್‌ನ ಮುಂದೆ ಇನ್ನೂ ಒಂದು ಗೇಟು ಇದೆ ಅಂತ ಅರ್ಥ. 100.64ರಿಂದ 100.127ರ ನಡುವೆ ಇದ್ದರೆ ಆ ಗೇಟು ಕಂಪನಿಯ ಕಡೆಯದು. ಅದನ್ನು ನಾವು ಮನೆಯಲ್ಲಿ ಕೂತು ಸರಿ ಮಾಡೋಕಾಗಲ್ಲ, ಫೋನ್ ಮಾಡಿ ಪಬ್ಲಿಕ್ ಐಪಿ ಕೊಡಿ ಅಂತ ಕೇಳಬೇಕು.

ಎಂಟಿಯು ಮುಟ್ಟಲು ಹೋಗಬೇಡಿ, ಈ ತೊಂದರೆಗೂ ಅದಕ್ಕೂ ಸಂಬಂಧವಿಲ್ಲ. ಡಿಎನ್‌ಎಸ್ ಬದಲಿಸುವುದು 2110-3127 ಥರದ ಡಿಎನ್‌ಎಸ್ ತೊಂದರೆಯ ಕೋಡ್ ಬಂದಾಗ ಸರಿ. ಕನ್ಸೋಲ್‌ನ ವೈಫೈ ಸೆಟ್ಟಿಂಗ್ ಮೇಲೆ ಅನುಮಾನ ಇದ್ದರೆ ಆ ಒಂದು ನೆಟ್‌ವರ್ಕನ್ನು ಮಾತ್ರ ಡಿಲೀಟ್ ಮಾಡಿ ಮತ್ತೆ ಸೇರಿಸಿ, ಅಷ್ಟು ಸಾಕು. ಫೋನಿನ ಹಾಟ್‌ಸ್ಪಾಟ್‌ಗೆ ಹಾಕಿ ನೋಡಿ ಅಂತ ಎಲ್ಲರೂ ಹೇಳುತ್ತಾರೆ. ಕನ್ಸೋಲ್‌ನ ವೈಫೈ ಕೆಲಸ ಮಾಡುತ್ತಾ ಇಲ್ವಾ ಅಂತ ಅದರಿಂದ ಗೊತ್ತಾಗುತ್ತೆ. ಆದರೆ ಮೊಬೈಲ್ ನೆಟ್‌ವರ್ಕ್‌ನಲ್ಲೂ ಎಷ್ಟೋ ಕಡೆ ಕಂಪನಿಯದೇ ನ್ಯಾಟ್ ಇರುತ್ತೆ. ಹಾಗಾಗಿ ಅಲ್ಲೂ ಡಿ ಬಂದರೆ ಕನ್ಸೋಲನ್ನು ಬೈಯಬೇಡಿ.

ಹೊಸದು ತಗೊಳ್ಳುವ ಮಾತು ಸದ್ಯಕ್ಕೆ ಬಿಟ್ಟುಬಿಡಿ. ಅದನ್ನೂ ಇದೇ ರೂಟರ್‌ಗೇ ತಾನೇ ಸೇರಿಸುತ್ತೀರಿ.

ತಂಗಿ ಮೂರು ತಿಂಗಳು ಆ ಆಟ ಮುಟ್ಟಲಿಲ್ಲ. ಹಳೆ ದ್ವೀಪದ ಫೋಟೋಗಳು ಮಾತ್ರ ಕಾರ್ಡಿನಲ್ಲಿ ಉಳಿದಿದ್ದವು. ಅವನ್ನು ನೋಡಿಕೊಂಡು ಈಗ ನದಿಯನ್ನು ಮತ್ತೆ ಅದೇ ದಾರಿಗೆ ತರುತ್ತಿದ್ದಾಳೆ. ಬ್ಯಾಕಪ್ ಆನ್ ಇದೆ, ನಾನೇ ಪಕ್ಕದಲ್ಲಿ ಕೂತು ಮಾಡಿಸಿದೆ.

ನೀವು ಯಾವ ಆಟ ಅಂತ ಬರೆದಿಲ್ಲ. ಟೆಸ್ಟ್‌ನಲ್ಲಿ ಬಂದ ಅಕ್ಷರ, ವ್ಯಾನ್ ಐಪಿಯ ಮೊದಲ ಎರಡು ಭಾಗ, ಮನೆಯಲ್ಲಿ ಎಷ್ಟು ರೂಟರ್ ಇದೆ ಅನ್ನೋದು, ಇಷ್ಟನ್ನು ಕೆಳಗೆ ಹಾಕಿ. ಪೂರ್ತಿ ಐಪಿ ಹಾಕಬೇಡಿ. ನೋಡಿ ಹೇಳುತ್ತೇನೆ.