600 ಹಳೆ ವಿದ್ಯಾರ್ಥಿಗಳ ಗುಂಪಿಗೆ ಕ್ಯೂಆರ್ ಕೋಡ್ ಹಾಕಿದರೂ ಶಾಲೆಗೆ ದೇಣಿಗೆ ಬರುತ್ತಿಲ್ಲ, ಏನು ಮಾಡಬೇಕು?

ನಮಸ್ಕಾರ. ನೀವು ಬರೆದಿರುವುದು ಇಷ್ಟು: ಟ್ರಸ್ಟ್ ನಡೆಸುವ ಅನುದಾನಿತ ಕನ್ನಡ ಪ್ರೌಢಶಾಲೆ, 60 ವರ್ಷ ತುಂಬುತ್ತಿದೆ, ಸೋರುವ ನಾಲ್ಕು ಕೊಠಡಿ ಕೆಡವಿ ಕಟ್ಟಲು 40 ಲಕ್ಷ ಬೇಕು. ವಾಟ್ಸಾಪ್ ಗುಂಪಿನಲ್ಲಿ ‘ತಲೆಗೆ 7 ಸಾವಿರ ಹಾಕಿದರೆ ಮುಗಿಯಿತು’ ಎಂದಿರಿ, ಎರಡು ತಿಂಗಳಲ್ಲಿ 38 ಸಾವಿರ ಬಂತು.

ತಪ್ಪಿದ್ದು ಆ ಭಾಗಾಕಾರದಲ್ಲಿ. ಊರಹಬ್ಬಕ್ಕೆ ಮನೆಗಿಷ್ಟು ಎಂದು ವಂತಿಗೆ ಎತ್ತಿದರೆ ನಡೆಯುತ್ತದೆ. ಎಲ್ಲರೂ ಊರಲ್ಲೇ ಇರುತ್ತಾರೆ, ಕೊಡದವರು ಯಾರೆಂದು ಎಲ್ಲರಿಗೂ ಗೊತ್ತಾಗುತ್ತದೆ. ಫೋನಿನ ಗುಂಪಿನಲ್ಲಿ ಆ ಮುಲಾಜು ಇಲ್ಲ. ಅಲ್ಲದೆ 50 ಸಾವಿರ ಕೊಡಬಲ್ಲವರೂ 7 ಸಾವಿರಕ್ಕೇ ಕೈತೊಳೆದುಕೊಳ್ಳುತ್ತಾರೆ.

ಕಟ್ಟಡದ ಹಣ ಹೆಚ್ಚಾಗಿ ಮೇಲಿನಿಂದ, ಅಂದರೆ ದೊಡ್ಡ ಮೊತ್ತ ಕೊಡಬಲ್ಲ ಕೆಲವೇ ಜನರಿಂದ ಬರುತ್ತದೆ. ನಿಮ್ಮ 40 ಲಕ್ಷವನ್ನು ನಾನು ಹೀಗೆ ಹಂಚುತ್ತೇನೆ: ಒಬ್ಬರಿಂದ 10 ಲಕ್ಷ, ಅಂದರೆ ಒಂದು ಪೂರ್ತಿ ಕೊಠಡಿ. ಇಬ್ಬರಿಂದ ತಲಾ 5 ಲಕ್ಷ. ಆರು ಜನರಿಂದ ಒಂದೂವರೆ ಲಕ್ಷದಂತೆ 9. ಹತ್ತು ಜನರಿಂದ 50 ಸಾವಿರದಂತೆ 5. ಹದಿನಾರು ಜನರಿಂದ 25 ಸಾವಿರದಂತೆ 4. ಅಲ್ಲಿಗೆ 35 ಜನರಿಂದ 38 ಲಕ್ಷ ಆಯಿತು. ಉಳಿದ 2 ಲಕ್ಷಕ್ಕೆ ಮಾತ್ರ ಕ್ಯೂಆರ್ ಕೋಡ್ ಸಾಕು. ಕೇಳಿದವರೆಲ್ಲ ಕೊಡುವುದಿಲ್ಲವಾದ್ದರಿಂದ ಒಂದೊಂದು ದೇಣಿಗೆಗೆ ಮೂರು ಹೆಸರಾದರೂ ಇರಲಿ. ಅಂದರೆ ನೂರೈದು ಹೆಸರಿನ ಪಟ್ಟಿ.

ಆ ಹೆಸರುಗಳು ವಾಟ್ಸಾಪ್ ಗುಂಪಿನಲ್ಲಿ ಸಿಗುವುದು ಕಡಿಮೆ. ಗುಂಪು ತುಂಬ ಇರುವವರು ಈಚಿನ ಬ್ಯಾಚಿನವರು, ಮನೆ ಸಾಲ, ಮಕ್ಕಳ ಫೀಸು ಕಟ್ಟುತ್ತಿರುವವರು. ದೊಡ್ಡ ಮೊತ್ತ ಕೊಡಬಲ್ಲವರು 1970–85ರ ಸುಮಾರಿಗೆ ಎಸ್ಸೆಸ್ಸೆಲ್ಸಿ ಮುಗಿಸಿದವರು. ಅವರ ಮಕ್ಕಳು ದಡ ಸೇರಿದ್ದಾರೆ, ಶಾಲೆಯ ಮೇಲಿನ ಅಭಿಮಾನವೂ ಮಾಗಿದೆ. ಹೆಡ್‌ಮಾಸ್ಟರ ಬೀರುವಿನಲ್ಲಿರುವ ಹಳೆಯ ದಾಖಲಾತಿ ರಿಜಿಸ್ಟರು ತೆಗೆಯಿರಿ. ವಿದ್ಯಾರ್ಥಿ ಹೆಸರು, ತಂದೆಯ ಹೆಸರು, ಊರು, ಜನ್ಮ ದಿನಾಂಕ ಎಲ್ಲ ಅದರಲ್ಲಿರುತ್ತದೆ. ಊರಲ್ಲೇ ಇರುವ ನಿವೃತ್ತ ಮೇಷ್ಟ್ರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ವರ್ಷಕ್ಕೆ ಐದು ಹೆಸರು ಗುರುತು ಹಾಕಿಸಿ. ಇವರು ಹುಬ್ಬಳ್ಳಿಯಲ್ಲಿ ಗುತ್ತಿಗೆದಾರರು, ಇವರು ಬ್ಯಾಂಕಿನಲ್ಲಿದ್ದು ನಿವೃತ್ತರಾದರು ಎಂದು ಅವರೇ ಹೇಳುತ್ತಾರೆ.

ಹೊರಗೆ ಕೇಳುವ ಮೊದಲು ಆಡಳಿತ ಮಂಡಳಿಯ ಪ್ರತಿಯೊಬ್ಬರೂ ಕೊಟ್ಟಿರಬೇಕು. ಮೊತ್ತ ಎಷ್ಟಾದರೂ ಸರಿ, ಒಬ್ಬರೂ ಬಿಟ್ಟಿರಬಾರದು. ‘ನಿಮ್ಮ ಕಮಿಟಿಯವರು ಎಷ್ಟು ಹಾಕಿದ್ದಾರೆ?’ ಎಂಬುದು ದಾನಿ ಕೇಳುವ ಮೊದಲ ಪ್ರಶ್ನೆ. 1916ರಲ್ಲಿ ಬೆಳಗಾವಿಯಲ್ಲಿ ಕೆಎಲ್‌ಇ ಸಂಸ್ಥೆ ಕಟ್ಟಿದ ಏಳು ಶಿಕ್ಷಕರು ತಮ್ಮ ದುಡಿಮೆಯನ್ನೇ ಮೊದಲು ಮುಡಿಪಿಟ್ಟಿದ್ದರು. ಸಿರಿವಂತರು ಅವರ ಬೆನ್ನಿಗೆ ನಿಂತದ್ದು ಅದನ್ನು ಕಂಡೇ ಎಂದು ನಾನು ನಂಬುತ್ತೇನೆ.

ಕೇಳುವುದು ಮನೆಗೆ ಹೋಗಿ, ಇಬ್ಬರೇ: ಒಬ್ಬರು ಅವರ ಸಹಪಾಠಿ, ಇನ್ನೊಬ್ಬರು ಲೆಕ್ಕ ಗೊತ್ತಿರುವವರು. ಆರೇಳು ಜನ ಶಾಲು, ಹಾರ ಹಿಡಿದು ಹೋದರೆ ಅದು ಸನ್ಮಾನವಾಗುತ್ತದೆ, ಮಾತುಕತೆಯಾಗುವುದಿಲ್ಲ. ಕೈಯಲ್ಲಿ ಒಂದೇ ಹಾಳೆ ಇರಲಿ: ನಕ್ಷೆ, ಎಂಜಿನಿಯರ್ ಕೊಟ್ಟ ಅಂದಾಜು, ಈವರೆಗೆ ಬಂದ ಮೊತ್ತ, ಟ್ರಸ್ಟಿನ ಪ್ಯಾನ್, ಖಾತೆ ವಿವರ. ‘ಕೈಲಾದಷ್ಟು ಕೊಡಿ’ ಎಂದಿರೋ, 5 ಸಾವಿರದ ಚೆಕ್ ಬರುತ್ತದೆ. ‘ಒಂದು ಕೊಠಡಿಯ ಅರ್ಧ ಖರ್ಚು 5 ಲಕ್ಷ. ಎರಡು ಕಂತಿನಲ್ಲಿ ನಿಮ್ಮಿಂದ ಆದೀತೇ?’ ಎಂದು ಕೇಳಿ ಸುಮ್ಮನಾಗಿ. ಆ ಮೌನ ತಡೆಯಲಾಗದೆ ನೀವೇ ‘ಆಗದಿದ್ದರೆ 1 ಲಕ್ಷವಾದರೂ’ ಎನ್ನಬೇಡಿ. ಬಹಳ ಕಡೆ ಹಣ ಕೈತಪ್ಪುವುದು ಆ ಒಂದು ವಾಕ್ಯಕ್ಕೆ. ಒಪ್ಪಿದರೆ ಕಂತಿನ ದಿನಾಂಕ ಹಾಕಿ ಬರಹದಲ್ಲಿ ಪಡೆಯಿರಿ. 20 ಲಕ್ಷದ ಭರವಸೆ ಕೂಡುವ ತನಕ ಬ್ಯಾನರ್, ಸಮಾರಂಭ ಯಾವುದೂ ಬೇಡ.

ಇನ್ನು ಕಾಗದಪತ್ರ. ಹಣ ಟ್ರಸ್ಟಿನ ಖಾತೆಗೇ ಬರಬೇಕು, ಎರಡು ಸಹಿಯ ಪ್ರತ್ಯೇಕ ಖಾತೆಯಾದರೆ ಇನ್ನೂ ಒಳ್ಳೆಯದು. ಉತ್ಸಾಹಿ ಹುಡುಗನೊಬ್ಬನ ಸ್ವಂತ ಫೋನ್‌ಪೇ ನಂಬರಿಗೆ ಹಾಕಿಸಿದರೆ ನಾಳೆ ತೆರಿಗೆ ನೋಟಿಸ್ ಬರುವುದು ಅವನ ಹೆಸರಿಗೆ. ದಾನಿಗೆ ಆದಾಯ ತೆರಿಗೆ ವಿನಾಯಿತಿ ಕೊಡಿಸುವ 80ಜಿ ಮಾನ್ಯತೆ ಚಾಲ್ತಿಯಲ್ಲಿದೆಯೇ ನೋಡಿ. 2021ರಲ್ಲಿ ಹಳೆಯ ಟ್ರಸ್ಟುಗಳೆಲ್ಲ ಮರುನೋಂದಣಿ ಮಾಡಿಸಬೇಕಾಗಿತ್ತು. ಅದನ್ನು ಬಿಟ್ಟಿದ್ದರೆ ಗೋಡೆಗೆ ತೂಗುಹಾಕಿದ ಹಳೆಯ ಪ್ರಮಾಣಪತ್ರಕ್ಕೆ ಬೆಲೆಯಿಲ್ಲ. 2 ಸಾವಿರ ಮೀರಿದ ನಗದಿಗೆ ದಾನಿಗೆ ವಿನಾಯಿತಿ ಇಲ್ಲ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಈ ವಿನಾಯಿತಿಯೇ ಇಲ್ಲ, ಹಾಗಾಗಿ ಅದನ್ನೇ ಮುಂದಿಟ್ಟು ಕೇಳಬೇಡಿ. ವಿನಾಯಿತಿ ಬೇಕಾದವರ ಪ್ಯಾನ್, ವಿಳಾಸ ಅಂದೇ ಬರೆದುಕೊಳ್ಳಿ. ವರ್ಷ ಮುಗಿದ ಮೇಲೆ ಮೇ 31ರೊಳಗೆ ದಾನಿಗಳ ವಿವರ ಇಲಾಖೆಗೆ ಸಲ್ಲಿಸದಿದ್ದರೆ ದಿನಕ್ಕೆ 200 ರೂಪಾಯಿ ಶುಲ್ಕ ಬೀಳುತ್ತದೆ, ದಾನಿಗೆ ಪ್ರಮಾಣಪತ್ರವೂ ಸಿಗುವುದಿಲ್ಲ. 2026ರ ಏಪ್ರಿಲ್‌ನಿಂದ ಹೊಸ ಆದಾಯ ತೆರಿಗೆ ಕಾಯ್ದೆಯಾದ್ದರಿಂದ ಕಲಂ, ಫಾರ್ಮ್ ಸಂಖ್ಯೆಗಳನ್ನು ಆಡಿಟರ್ ಹತ್ತಿರ ಕೇಳಿಕೊಳ್ಳಿ.

ಅಮೆರಿಕದಲ್ಲಿರುವವರ ವಿಷಯದಲ್ಲಿ ಬಹಳ ಎಚ್ಚರ ಬೇಕು. ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಟ್ಟರೆ ತೊಂದರೆಯಿಲ್ಲ. ಅಲ್ಲಿನ ಪೌರತ್ವ ಪಡೆದವರು ಇಲ್ಲಿನ ಖಾತೆಯಿಂದ ರೂಪಾಯಿಯಲ್ಲೇ ಕೊಟ್ಟರೂ ಅದು ವಿದೇಶಿ ದೇಣಿಗೆ. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದೆ ಒಂದು ರೂಪಾಯಿಯೂ ಮುಟ್ಟುವಂತಿಲ್ಲ. ಪಾಸ್‌ಪೋರ್ಟ್ ಯಾವುದೆಂದು ಕೇಳಲು ಸಂಕೋಚ ಬೇಡ.

ಕಂಪನಿಗಳು ಸಾಮಾಜಿಕ ಹೊಣೆಗಾರಿಕೆಗೆಂದು ತೆಗೆದಿಡುವ ಸಿಎಸ್‌ಆರ್ ಹಣಕ್ಕೆ ಟ್ರಸ್ಟು ಸಿಎಸ್‌ಆರ್-1 ಎಂಬ ಫಾರ್ಮಿನಲ್ಲಿ ನೋಂದಣಿ ಮಾಡಿಸಿರಬೇಕು. ಅದರಿಂದ ಶೌಚಾಲಯ, ಪ್ರಯೋಗಾಲಯ, ಡೆಸ್ಕುಗಳನ್ನು ಕೇಳುವುದು ಸುಲಭ. ಕೊಠಡಿಗೆ ಅದನ್ನೇ ನೆಚ್ಚಬೇಡಿ. ಮಕ್ಕಳನ್ನು ಸೇರಿಸಲು ಬಂದ ಪೋಷಕರ ಹತ್ತಿರ ಮಾತ್ರ ‘ಕಟ್ಟಡ ನಿಧಿ’ ಕೇಳಲೇಬೇಡಿ. 1984ರ ಕ್ಯಾಪಿಟೇಶನ್ ಶುಲ್ಕ (ಪ್ರವೇಶಕ್ಕೆಂದು ವಸೂಲಿ ಮಾಡುವ ಹೆಚ್ಚುವರಿ ಹಣ) ನಿಷೇಧ ಕಾಯ್ದೆ ಇರುವುದೇ ಅದನ್ನು ತಡೆಯಲು, ಶಾಲೆಯ ಹೆಸರೂ ಕೆಡುತ್ತದೆ.

ಕಮಿಟಿಯೊಳಗಿನ ಜಗಳದ ಬಗ್ಗೆಯೂ ಕೇಳಿದ್ದೀರಿ. ಅದು ಬಹುತೇಕ ಎರಡೇ ಕಾರಣಕ್ಕೆ: ಗುತ್ತಿಗೆ ಯಾರಿಗೆ, ಕಲ್ಲಿನ ಮೇಲೆ ಹೆಸರು ಯಾರದ್ದು. ಎರಡನ್ನೂ ಮೊದಲ ರೂಪಾಯಿ ಬರುವ ಮೊದಲೇ ನಡಾವಳಿ ಪುಸ್ತಕದಲ್ಲಿ ಬರೆದು ಸಹಿ ಹಾಕಿಸಿ. ಮೂರು ಕೊಟೇಶನ್ ಕಡ್ಡಾಯ, ಸದಸ್ಯರ ನೆಂಟರಿಗೆ ಕೆಲಸವಿಲ್ಲ. 10 ಲಕ್ಷ ಕೊಟ್ಟವರಿಗೆ ಕೊಠಡಿಯ ಹೆಸರು, 25 ಸಾವಿರ ಮೇಲ್ಪಟ್ಟವರ ಹೆಸರೆಲ್ಲ ಒಂದೇ ಫಲಕದಲ್ಲಿ, ಒಂದೇ ಅಳತೆಯ ಅಕ್ಷರದಲ್ಲಿ, ಅಧ್ಯಕ್ಷರದ್ದೂ ಸೇರಿ. ಪ್ರತಿ ತಿಂಗಳ 5ನೇ ತಾರೀಕು ಜಮಾ-ಖರ್ಚಿನ ಒಂದು ಪುಟ ಶಾಲೆಯ ನೋಟಿಸ್ ಬೋರ್ಡಿಗೂ ಆ ವಾಟ್ಸಾಪ್ ಗುಂಪಿಗೂ ಹೋಗಲಿ. ಆಗಲೇ 38 ಸಾವಿರ ಕೊಟ್ಟಿದ್ದಾರಲ್ಲ, ಅವರಿಗೆ ರಸೀದಿ ಹೋಗಿದೆಯೇ? ಇಲ್ಲದಿದ್ದರೆ ಈ ವಾರ ಆ ಕೆಲಸದಿಂದಲೇ ಶುರುಮಾಡಿ. ರಸೀದಿಯ ಜೊತೆಗೆ ಹೆಡ್‌ಮಾಸ್ಟರೇ ಒಬ್ಬೊಬ್ಬರಿಗೂ ಫೋನ್ ಮಾಡಲಿ.